ದೇವಿ ಹಾಕುವವರು ಶಾಲೆಗೆ ಬಂದ ದಿನ

ಅದು ೧೯೪೪ನೇ ಇಸವಿ. ಮಾರ್ಚ್ ತಿಂಗಳಲ್ಲಿ ಮೆಟ್ರಿಕ್ ಪರೀಕ್ಷೆ ಬರೆದು ಹೊನ್ನಾವರದ ನಮ್ಮ ಮನೆಯಲ್ಲಿ ಫಲಿತಾಂಶದ ದಾರಿ ನೋಡುತ್ತ ಕೂತಿದ್ದೆ. ನನಗಾಗ ಹದಿನೇಳು ವರ್ಷ. ಆ ಕಾಲಕ್ಕೆ ನಮ್ಮ ಕಡೆ ಅಷ್ಟು ವಯಸ್ಸಿನ ಹುಡುಗಿ ಮದುವೆಯಾಗದೆ ಓದುತ್ತ ಇರುವುದು ಕಡಿಮೆ. ನಮ್ಮ ಅಪ್ಪ ಕೋರ್ಟಿನಲ್ಲಿ ಕಾರಕೂನರು. ಅವರದು ದೊಡ್ಡ ಮನಸ್ಸು, ಅದಕ್ಕೇ ಮಗಳನ್ನು ಓದಿಸಿದರು ಅಂತ ಜನ ಹೇಳುತ್ತಿದ್ದರು. ಅದು ಅರ್ಧ ನಿಜ. ಉಳಿದರ್ಧ ನನ್ನ ಮುಖ. ಮೂರು ವರ್ಷದವಳಿದ್ದಾಗ ನನಗೆ ಸಿಡುಬು ಬಂದಿತ್ತು. ಹೋಗುವಾಗ ಹಣೆಯಿಂದ ಗದ್ದದವರೆಗೆ ಕುಳಿ ಬಿಟ್ಟು ಹೋಗಿತ್ತು. ನೋಡಲು ಬಂದವರು ಚಹಾ ಕುಡಿದು ಹೋಗುತ್ತಿದ್ದರು, ಆಮೇಲೆ ಸುದ್ದಿಯೇ ಇರುತ್ತಿರಲಿಲ್ಲ. "ಓದಲಿ ಬಿಡಿ" ಅಂದರು ಅಪ್ಪ.

ಒಂದು ಬೆಳಿಗ್ಗೆ ಅಪ್ಪನ ಪರಿಚಯದ ಮಾಸ್ತರರೊಬ್ಬರು ನಮ್ಮ ಮನೆಗೆ ಬಂದರು. ಕರ್ಕಿಯಿಂದ ಸ್ವಲ್ಪ ಆಚೆ ಹೊಳೆ ದಂಡೆಯ ಸಣ್ಣ ಊರಿನಲ್ಲಿ ಅವರ ಶಾಲೆ. ಒಂದೇ ಕೋಣೆ, ಅವರೊಬ್ಬರೇ ಮಾಸ್ತರರು. ಬಿಸಿಲಿನಲ್ಲಿ ನಡೆದು ಬಂದಿದ್ದರೂ ಶಾಲು ಹೊದ್ದು ನಡುಗುತ್ತಿದ್ದರು. ಚಳಿಜ್ವರ ಅವರನ್ನು ಹಿಂಡಿ ಹಾಕಿತ್ತು.

"ರಜೆ ಹಾಕಿ ಕುಮಟೆಗೆ ಹೋಗಿ ಮಲಗದೆ ಬೇರೆ ದಾರಿ ಇಲ್ಲ" ಅಂದರು ಅಪ್ಪನ ಹತ್ತಿರ. "ಬದಲಿ ಮಾಸ್ತರು ಸಿಗೂದಿಲ್ಲ. ಶಾಲೆ ಮುಚ್ಚಿದ್ರೆ ಗಂಡುಹುಡುಗ್ರು ಮಳೆಗಾಲಕ್ಕೆ ತಿರುಗಿ ಬತ್ರು. ಹೆಣ್ಣುಮಕ್ಕಳು ಒಂದು ಸಲ ಮನೆಲಿ ಕೂತ್ರೆ ಮುಗೀತು. ಒಂದೊಂದು ಮನೆಗೆ ಹತ್ತು ಸಲ ಹೋಗಿ ಕರ್ಕಂಡು ಬಂದ ಮಕ್ಕಳು ಅವು." ಆಮೇಲೆ ನನ್ನ ಕಡೆ ತಿರುಗಿ, "ರಜೆ ಮುಗಿಯೂ ತನಕ ನೀನು ಬಂದು ಕೂತ್ರೆ ಸಾಕು ತಂಗಿ. ಸಂಬಳ ಎಂತದೂ ಇಲ್ಲ" ಅಂದರು.

ಆ ಊರಿನಲ್ಲಿ ನನ್ನ ಅತ್ತೆಯ ಮನೆ ಇತ್ತು, ಅಪ್ಪನ ತಂಗಿ. ಉಳಿಯಲು ಜಾಗದ ತೊಂದರೆ ಇರಲಿಲ್ಲ. ಅಪ್ಪ ಏನೋ ಹೇಳಲು ಬಾಯಿ ತೆಗೆಯುವ ಮೊದಲೇ ನಾನು "ಹೋಗ್ತೇನೆ" ಅಂದುಬಿಟ್ಟೆ. ಮನೆಯಲ್ಲಿ ಕೂತು ಮುಂದಿನ ಗಂಡಿನ ಕಡೆಯವರಿಗೆ ಚಹಾ ಕೊಡುವುದಕ್ಕಿಂತ ಅದು ಮೇಲು ಅನಿಸಿತ್ತು.

ಮೊದಲ ದಿನವೇ ನನ್ನ ಧೈರ್ಯ ಎಲ್ಲ ಇಳಿದುಹೋಯಿತು. ಹಂಚಿನ ಮಾಡು, ಸೊಂಟದೆತ್ತರದ ಮಣ್ಣಿನ ಗೋಡೆ, ಅದರ ಮೇಲೆ ಬರೀ ಗಾಳಿ. ಒಳಗೆ ಒಂದರಿಂದ ನಾಲ್ಕನೇ ಇಯತ್ತೆಯವರೆಗಿನ ಮಕ್ಕಳು ಒಟ್ಟಿಗೆ ಕೂತಿದ್ದರು. "ನಮಸ್ಕಾರ ಅಕ್ಕೋರೇ" ಅಂತ ಒಂದೇ ರಾಗದಲ್ಲಿ ಕೂಗಿದರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಆ ಹೆಸರು ನನಗೆ ಅಂತ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಕನ್ನಡ ಪುಸ್ತಕ ತೆಗೆದು ಪಾಠ ಓದಲು ಶುರುಮಾಡಿದರೆ ಧ್ವನಿಯೇ ಹೊರಡಲಿಲ್ಲ. ಅರ್ಧ ಮಕ್ಕಳು ಮನೆಯಲ್ಲಿ ಕೊಂಕಣಿ ಮಾತಾಡುವವರು. ನನ್ನ ಪುಸ್ತಕದ ಕನ್ನಡ ಕೇಳಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಉಳಿದಂತೆ ಅವರು ನೋಡುತ್ತಿದ್ದುದು ಪುಸ್ತಕವನ್ನಲ್ಲ, ನನ್ನ ಮುಖವನ್ನು. ನಾನು ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡು ಓದಿದೆ.

ಮುಂದಿನ ಸಾಲಿನಲ್ಲಿ ಮಾದೇವಿ ಅಂತ ಒಬ್ಬಳು ಹುಡುಗಿ. ಎಂಟೊಂಬತ್ತು ವರ್ಷ ಇರಬೇಕು. ತಮ್ಮ ಗಣಪುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಪಾಟಿಯ ಮೇಲೆ ಬರೆಯುತ್ತಿದ್ದಳು. ಅವಳ ಅಪ್ಪ ಮುಂಬೈಗೆ ಸರಕು ಒಯ್ಯುವ ಹಾಯಿ ಮಚವೆಯಲ್ಲಿ ಕೆಲಸಕ್ಕಿದ್ದ. ತಾಯಿ ಹೊಳೆಯಲ್ಲಿ ಅಡಿಗೆಗೆ ಆಗುವ ಚಿಪ್ಪೆಕಲ್ಲು ಆರಿಸಲು ಹೋಗುತ್ತಿದ್ದಳು. ಕೂಸನ್ನು ನೋಡಿಕೊಳ್ಳುವವರು ಇಲ್ಲದ್ದರಿಂದ ಅದೂ ಶಾಲೆಗೆ ಬರುತ್ತಿತ್ತು. ಆ ಮಾದೇವಿ ಎದ್ದು ನಿಂತು ಕೇಳಿದಳು:

"ಅಕ್ಕೋರೇ, ನಿಮಗೆ ಅಮ್ಮ ಬಂದಿತ್ತಾ?"

ಸಿಡುಬಿಗೆ ಜನ ಅಮ್ಮ ಅನ್ನುತ್ತಿದ್ದರು. ಅವಳ ಮಾತಿನಲ್ಲಿ ಕುಚೋದ್ಯ ಇರಲಿಲ್ಲ, ತಿಳಿಯುವ ಆಸೆ ಅಷ್ಟೇ. ಆದರೆ ನನ್ನ ಕಿವಿ ಬಿಸಿಯಾಯಿತು. "ಕೂತ್ಕೋ. ಪುಸ್ತಕ ನೋಡು" ಅಂದೆ. ಅಷ್ಟು ಗಟ್ಟಿಯಾಗಿ ಆ ದಿನ ನನ್ನ ಬಾಯಿಂದ ಬಂದ ಮಾತು ಅದೊಂದೇ.

ಸಂಜೆ ಅತ್ತೆಯ ಮನೆಯಲ್ಲಿ, ನಾಳೆಯೇ ಹೊನ್ನಾವರಕ್ಕೆ ಹೋಗಿಬಿಡಲೇ ಅಂತ ಯೋಚಿಸಿದೆ. ಹೋಗಲಿಲ್ಲ. ಒಂದೊಂದೇ ದಿನ ದೂಡಿದೆ. ಯುದ್ಧದ ಕಾಲ, ಪಾಟಿ ಕಡ್ಡಿಗೂ ತತ್ವಾರ. ಇದ್ದ ತುಂಡುಗಳೂ ಮುಗಿದ ಮೇಲೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಹೊಳೆ ದಂಡೆಯ ಮರಳಿನಲ್ಲಿ ಬರೆಸಲು ಶುರುಮಾಡಿದೆ. ಒಬ್ಬೊಬ್ಬರಿಗೆ ಒಂದು ಮಾರು ಜಾಗ. ತಪ್ಪಾದರೆ ಕೈಯಲ್ಲಿ ಸವರಿದರಾಯಿತು. ಅಲ್ಲಿ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ. ಮಾದೇವಿ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಬಗ್ಗಿ ತನ್ನ ಹೆಸರು, ತಮ್ಮನ ಹೆಸರು, ಆಮೇಲೆ ನನ್ನ ಹೆಸರು ಬರೆದಳು. ಶಾರದಾ ಅನ್ನುವುದಕ್ಕೆ ಸಾರದಾ ಅಂತ ಬರೆದಿದ್ದಳು. ನಾನು ತಿದ್ದಿದೆ. ಇಬ್ಬರೂ ನಕ್ಕೆವು. ಇನ್ನು ಪರವಾಗಿಲ್ಲ ಅನಿಸಿತು.

ಅಷ್ಟರಲ್ಲಿ ಹೊಳೆಯ ಆಚೆ ದಂಡೆಯಲ್ಲಿ ಸಿಡುಬು ಎದ್ದಿದೆ ಅಂತ ಸುದ್ದಿ ಬಂತು. ದಿನಾ ಆಚೆಯಿಂದ ಬರುತ್ತಿದ್ದ ಒಬ್ಬ ಹುಡುಗ ಬರುವುದು ಬಿಟ್ಟ. ವಾರ ಕಳೆಯುವುದರೊಳಗೆ ಅವನು ತೀರಿಹೋದ ಅಂತ ಗೊತ್ತಾಯಿತು. ನಮ್ಮ ಊರಿನ ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮಕ್ಕಳು ಕೂಡ ಮರಳಿನಲ್ಲಿ ಸುಮ್ಮನೆ ಬರೆಯುತ್ತಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಶಾಲೆ ಶುರುವಾಗಿ ಸ್ವಲ್ಪ ಹೊತ್ತಿಗೆ ಖಾಕಿ ಕೋಟಿನ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಚರ್ಮದ ಚೀಲ. ಸಿಡುಬು ಬರದಂತೆ ತೋಳಿಗೆ ಲಸಿಕೆ ಹಾಕುವ ಸರಕಾರದ ನೌಕರ. ದೇವಿ ಹಾಕುವವರು ಅಂತ ನಮ್ಮ ಕಡೆ ಅವರಿಗೆ ಹೆಸರು. ಇವರು ಭಟ್ಕಳದ ಕಡೆಯ ಸಾಯ್ಬರು. ವಯಸ್ಸಾದವರು, ಬಹಳ ದಣಿದಿದ್ದರು.

"ಮಾಸ್ತರರು ಎಲ್ಲಿ ಬಾಯಿ?" ಅಂತ ಕೇಳಿದರು. ಹೆಂಗಸರಿಗೆ ಅವರು ಗೌರವದಿಂದ ಬಾಯಿ ಅನ್ನುತ್ತಿದ್ದರು.

"ರಜೆಯಲ್ಲಿದ್ದಾರೆ. ನಾನು ಇದ್ದೇನೆ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕಣ್ಣು ಕೆಳಗೆ ಮಾಡಿದರು. "ಹಾಗಾದ್ರೆ ನಿಮಗೆ ಹೇಳಬೇಕಾದ್ದಿಲ್ಲ. ಬಾಗಿಲು ಮುಚ್ಚಿ. ಮಕ್ಕಳನ್ನ ಹಿಡ್ಕೊಳ್ಳಿ."

ಬಾಗಿಲು ಮುಚ್ಚಿ ಏನು ಪ್ರಯೋಜನ, ಗೋಡೆ ಸೊಂಟದೆತ್ತರ! ಅವರು ಚೀಲ ಬಿಚ್ಚುವುದೇ ತಡ, ಯಾರೋ ಒಬ್ಬ "ದೇವಿ ಹಾಕವ್ರು!" ಅಂತ ಕಿರುಚಿದ. ಮಕ್ಕಳೆಲ್ಲ ಗೋಡೆ ಹಾರಿದರು. ಕೈಗೆ ಸಿಕ್ಕ ಒಬ್ಬನ ಅಂಗಿ ಹಿಡಿದೆ, ಅಂಗಿ ಹರಿಯಿತು, ಹುಡುಗ ಹೋದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೋಣೆ ಖಾಲಿ. ಉಳಿದವಳು ಮಾದೇವಿ ಒಬ್ಬಳೇ. ಕೂಸನ್ನು ಹೊತ್ತುಕೊಂಡು ಗೋಡೆ ಹಾರಲು ಅವಳಿಗೆ ಆಗಲಿಲ್ಲ. ಮೂಲೆಯಲ್ಲಿ ನಿಂತು ಗಣಪುವಿನ ಎರಡೂ ತೋಳನ್ನು ತನ್ನ ಕೈಯಿಂದ ಮುಚ್ಚಿ ಹಿಡಿದಿದ್ದಳು.

ಓಡಿದ ಮಕ್ಕಳು ಊರೆಲ್ಲ ಸುದ್ದಿ ಮುಟ್ಟಿಸಿದರು. ಜನ ಬಂದರು. ಮೊದಲು ಹೆಂಗಸರು, ಹಿಂದೆ ಗಂಡಸರು. ಎಲ್ಲರ ಮುಂದೆ ಮಾದೇವಿಯ ಅಜ್ಜಿ ನಾಗಮ್ಮ. ಊರಿನಲ್ಲಿ ಯಾರ ಮನೆಗೆ ಅಮ್ಮ ಬಂದರೂ ಹೋಗಿ ಶುಶ್ರೂಷೆ ಮಾಡುವವಳು ಅವಳೇ. ಅವಳ ಮಾತನ್ನು ಊರಿನಲ್ಲಿ ಯಾರೂ ಮೀರುತ್ತಿರಲಿಲ್ಲ. ಪಕ್ಕದಲ್ಲಿ ದೋಣಿ ನಡೆಸುವ ತಿಮ್ಮಣ್ಣ, ಕೈಯಲ್ಲಿ ದೋಣಿ ಒತ್ತುವ ಗಳ. ಅವನ ಇಬ್ಬರು ಮಕ್ಕಳು ನನ್ನ ಶಾಲೆಯಲ್ಲಿದ್ದರು. ಗುಂಪಿನ ಹಿಂದೆ ನನ್ನ ಅತ್ತೆಯೂ ನಿಂತಿದ್ದಳು.

"ಸಾಯ್ಬರೇ, ಚೀಲ ಕಟ್ಟಿ" ಅಂದ ತಿಮ್ಮಣ್ಣ. "ಇಲ್ದಿದ್ರೆ ಅದು ಹೊಳೆಗೆ ಹೋತದೆ. ಚೀಲದ ಹಿಂದೆ ಎಂತ ಹೋತದೆ ಅಂತ ನಾ ಹೇಳೂದಿಲ್ಲ."

ನಾಗಮ್ಮಜ್ಜಿ ಅವನನ್ನು ಸುಮ್ಮನಿರಿಸಿ ನನ್ನ ಕಡೆ ತಿರುಗಿದಳು. "ಇವ್ರನ್ನ ಕರೆಸ್ದವ್ರು ನೀವೇ ಅಲ್ದಾ ಅಕ್ಕೋರೇ? ಅಮ್ಮ ಹೊಳೆ ಆಚೆ ಬಂದು ಕೂತಿದಾಳೆ. ದಾಟ್ಬೇಡ ತಾಯಿ ಅಂತ ನಾವು ಕೈ ಮುಗೀತಾ ಇದ್ದೇವೆ. ನೀವು ಅವಳ ಎದುರಿಗೆ ಕಬ್ಬಿಣ ಹಿಡಿಸ್ತ್ರಿ?"

"ನಾನು ಕರೆಸಲಿಲ್ಲ" ಅಂದೆ. ನಿಜ ಅದೇ. ಆದರೆ ಯಾರೂ ನಂಬಲಿಲ್ಲ. ಗುಂಪು ಒಂದು ಹೆಜ್ಜೆ ಮುಂದೆ ಬಂತು.

ಸಾಯ್ಬರು ಚೀಲ ಕಟ್ಟಲು ಶುರುಮಾಡಿದರು. ನನಗೆ ಮಾತ್ರ ಕೇಳುವಂತೆ, "ಹೋದ ವರ್ಷ ಒಂದು ಊರಲ್ಲಿ ಕಲ್ಲು ಹೊಡೆದ್ರು, ಬಾಯಿ. ನನಗೂ ಮನೇಲಿ ಮಕ್ಕಳಿದ್ದಾರೆ. ಊರವರು ಒಪ್ಪಲಿಲ್ಲ ಅಂತ ಬರೆದು ಹೋಗ್ತೇನೆ" ಅಂದರು.

"ಮತ್ತೆ ಯಾವಾಗ ಬರ್ತೀರಿ?"

"ಮಳೆಗಾಲ ಕಳೆದ ಮೇಲೆ."

 ಈಗ ಸುಮ್ಮನಿದ್ದರೆ ಎಲ್ಲರೂ ಮನೆಗೆ ಹೋಗುತ್ತಾರೆ, ಗಲಾಟೆ ಮುಗಿಯುತ್ತದೆ, ನನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಅಷ್ಟರಲ್ಲಿ ಮೂಲೆಯಲ್ಲಿದ್ದ ಮಾದೇವಿ ಕಣ್ಣಿಗೆ ಬಿದ್ದಳು. ತಮ್ಮನ ಕೈ ಇನ್ನೂ ಬಿಟ್ಟಿರಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಧೈರ್ಯ ಅಂತ ಹೇಳಲಾರೆ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಬಾಗಿಲ ಹೊರಗೆ ಬಿಸಿಲಿಗೆ ಹೋಗಿ ನಿಂತು ತಲೆಯ ಮೇಲಿನ ಸೆರಗು ತೆಗೆದೆ.

"ಅಜ್ಜೀ, ನನ್ನ ಮುಖ ನೋಡು" ಅಂದೆ.

ನಾಗಮ್ಮಜ್ಜಿ ಹತ್ತಿರ ಬಂದು ನೋಡಿದಳು. ಬಂದ ದಿನದಿಂದ ನನ್ನನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಅವಳ ಮುಖ ಬದಲಾಯಿತು. ಎರಡೂ ಕೈ ಜೋಡಿಸಿದಳು.

"ಅಮ್ಮ ನಿಮ್ಮ ಮೈಮೇಲೆ ಆಡಿ ಹೋಗಿದಾಳೆ. ಅವಳು ಬಿಟ್ಟು ಹೋದ ಮಗಳು ನೀವು. ನೀವೇ ಹೇಳಿ ಅಕ್ಕೋರೇ, ಅಮ್ಮ ನಿಮ್ಮತ್ರ ಎಂತ ಹೇಳಿದಾಳೆ?"

 ನಾನು ಎಣಿಸದ ಮಾತು ಅದು. ಯಾವ ಮುಖವನ್ನು ಮುಚ್ಚಿಕೊಂಡು ಓಡಾಡುತ್ತಿದ್ದೆನೋ ಅದೇ ಮುಖಕ್ಕೆ ಆ ಊರಿನಲ್ಲಿ ಒಂದು ಬೆಲೆ ಇತ್ತು. ದೇವಿ ಹಾಕಿಸಿಕೊಳ್ಳಿ ಅಂತ ಅಮ್ಮನೇ ಹೇಳಿದ್ದಾಳೆ ಅಂತ ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಮಾತು ಬಾಯಿವರೆಗೂ ಬಂದಿತ್ತು. ಆದರೆ ಅಜ್ಜಿ ನನ್ನನ್ನು ನೋಡುತ್ತಿದ್ದ ರೀತಿಗೆ ಸುಳ್ಳು ಹೇಳಲು ಆಗಲಿಲ್ಲ.

"ಅಮ್ಮ ನನ್ನ ಹತ್ತಿರ ಏನೂ ಹೇಳಲಿಲ್ಲ ಅಜ್ಜೀ" ಅಂದೆ. "ನನಗೆ ಆಗ ಮೂರು ವರ್ಷ. ನಮ್ಮ ಮನೆಗೂ ಹೀಗೇ ದೇವಿ ಹಾಕುವವರು ಬಂದಿದ್ದರು. ನನ್ನ ಹೆತ್ತ ಆಯಿ ನನ್ನನ್ನೂ ತಮ್ಮನನ್ನೂ ಎತ್ತಿಕೊಂಡು ಅಟ್ಟ ಹತ್ತಿ ಹುಲ್ಲು ಸುತ್ತಿ ಕಟ್ಟಿದ ಅಕ್ಕಿ ಮುಡಿಗಳ ಹಿಂದೆ ಕೂತಳು. ಅಳಬಾರದು ಅಂತ ನನ್ನ ಬಾಯಿ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಮುಡಿಯ ಹುಲ್ಲಿನ ವಾಸನೆ ನನಗೆ ಈಗಲೂ ನೆನಪಿದೆ. ಕೆಳಗೆ ಅವರು ಮಕ್ಕಳಿಲ್ಲವಾ ಅಂತ ಕೇಳಿದರು. ನನ್ನ ಅಜ್ಜಿ ಇಲ್ಲ ಅಂದಳು. ಅವರು ಹೋದರು."

ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಗುಂಪಿನ ಹಿಂದಿನಿಂದ ಅತ್ತೆ "ಶಾರದಾ, ಸಾಕು!" ಅಂದಳು. ನಾನು ನಿಲ್ಲಿಸಲಿಲ್ಲ.

"ಆಮೇಲೆ ಅಮ್ಮ ಬಂತು. ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿದ್ದರು. ನಾನು ಎದ್ದೆ. ನನ್ನ ಮುಖ ಹೀಗಾಯಿತು. ಅವನು ಏಳಲಿಲ್ಲ. ಇನ್ನೂ ಮೊಲೆಹಾಲು ಕುಡಿಯುವ ಕೂಸು. ನಮ್ಮ ಗಣಪುವಿಗಿಂತ ಸಣ್ಣವನು. ನಮ್ಮ ಆಯಿ ದೇವರಿಗೆ ನಡೆದುಕೊಳ್ಳುವವಳೇ. ಅಮ್ಮನಿಗೆ ಸಿಟ್ಟು ಬರುವಂಥದು ಅವಳು ಏನೂ ಮಾಡಿರಲಿಲ್ಲ. ಮಕ್ಕಳನ್ನು ಮುಚ್ಚಿಟ್ಟಿದ್ದಳು, ಅಷ್ಟೇ. ನನಗೆ ಗೊತ್ತಿರುವುದು ಇಷ್ಟು."

 ಮಾದೇವಿಯ ತಾಯಿ ಹೊಳೆಯಿಂದ ಓಡಿ ಬಂದವಳು, ಒದ್ದೆ ಸೀರೆಯಲ್ಲಿ ನಿಂತು ಅಳುತ್ತಿದ್ದಳು. ತಿಮ್ಮಣ್ಣ ಮಾತ್ರ, "ಕೇಳ್ಬೇಡಿ. ಪ್ಯಾಟೆಯವ್ರ ಮಾತು. ಜ್ವರ ಬಂದು ಮಕ್ಕಳು ಸತ್ರೆ ಇವ್ರು ಹೊನ್ನಾವರಕ್ಕೆ ಹೋತ್ರು, ನಾವು ಎಲ್ಲಿ ಹೋಗೂದು?" ಅಂದ.

ನಾಗಮ್ಮಜ್ಜಿ ನಿಧಾನವಾಗಿ ಶಾಲೆಯ ಒಳಗೆ ಹೋಗಿ ಸಾಯ್ಬರ ಎದುರು ಕುಕ್ಕರುಗಾಲಿನಲ್ಲಿ ಕೂತು ತೋಳು ಮುಂದೆ ಮಾಡಿದಳು.

"ಮೊದಲು ನಂಗೆ ಹಾಕಿ ಸಾಯ್ಬರೇ. ಅಮ್ಮಂಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ. ಮಕ್ಕಳ ಮೇಲೆ ಬ್ಯಾಡ."

ಸಾಯ್ಬರು ಕಟ್ಟಿದ ಚೀಲ ಮತ್ತೆ ಬಿಚ್ಚಿದರು. ತುದಿಯಲ್ಲಿ ಸಣ್ಣ ಹಲ್ಲುಗಳಿದ್ದ ಒಂದು ಕಬ್ಬಿಣದ ಕಡ್ಡಿ ಅದು. ತೋಳಿನ ಮೇಲೆ ಒತ್ತಿ ತಿರುಗಿಸಿದಾಗ ಚರ್ಮ ಗೀಚಿ ರಕ್ತ ಜಿನುಗಿತು. ಅಜ್ಜಿ ಮುಖ ಸಿಂಡರಿಸಲೂ ಇಲ್ಲ. ಆಮೇಲೆ ಮಾದೇವಿ ಬಂದಳು. ಗಣಪುವಿನ ಕೈಯನ್ನು ತಾನೇ ಬಿಡಿಸಿ ಕೊಟ್ಟಳು. ಕೂಸು ಕಿರುಚಿದಾಗ ಹೊರಗಿನ ಗುಂಪಿನಲ್ಲಿ ಒಂದು ನಡುಕ ಹಾದುಹೋಯಿತು.

ಮಧ್ಯಾಹ್ನದವರೆಗೆ ನಾನೂ ಅಜ್ಜಿಯೂ ಮನೆಮನೆ ತಿರುಗಿದೆವು. ಕೊಟ್ಟಿಗೆಯಲ್ಲಿ, ಮಂಚದ ಕೆಳಗೆ, ಬಲೆಯ ರಾಶಿಯೊಳಗೆ ಅಡಗಿದ್ದ ಮಕ್ಕಳನ್ನು ಹೆಸರು ಹಿಡಿದು ಕರೆದೆ. ಸುಮಾರು ಮಂದಿ ಬಂದರು. ಎರಡು ಮೂರು ಮನೆಯವರು ಬಾಗಿಲು ತೆಗೆಯಲಿಲ್ಲ. ತಿಮ್ಮಣ್ಣ ತನ್ನ ಇಬ್ಬರು ಮಕ್ಕಳನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೊಳೆಯ ಮಧ್ಯಕ್ಕೆ ಹೋಗಿ, ಸಾಯ್ಬರು ಊರು ಬಿಡುವ ತನಕ ಅಲ್ಲೇ ನಿಂತಿದ್ದ.

ಆ ದಿನ ಅತ್ತೆ ನನಗೆ ಊಟ ಬಡಿಸಿದಳು. ಕೈ ತೊಳೆದು ಬಂದ ಮೇಲೆ ಒಂದೇ ಮಾತು ಅಂದಳು: "ಮಕ್ಕಳು ಇಲ್ಲ ಅಂದವಳು ನನ್ನ ಆಯಿ. ಸತ್ತವಳ ಮಾನ ತೆಗೆದೆ. ಇದ್ದವಳ ಮಾನವನ್ನೂ ತೆಗೆದೆ. ನಿನ್ನ ಆಯಿಗೆ ಹೆಂಗೆ ಮುಖ ತೋರಿಸ್ತೆ?"  ಅಟ್ಟದ ಮೇಲೆ ಅಡಗಿದ ಕತೆಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನಗೆ ನೆನಪಿದೆ ಅಂತ ಆಯಿಗೆ ಗೊತ್ತೂ ಇರಲಿಲ್ಲ.

ನಿಜವಾದ ಭಯ ಶುರುವಾದದ್ದು ಒಂದು ವಾರದ ಮೇಲೆ. ಮಕ್ಕಳ ತೋಳು ಬಾತುಕೊಂಡವು, ಹಾಕಿದ ಕಡೆ ಕೀವು ತುಂಬಿದ ಗುಳ್ಳೆ ಎದ್ದವು, ಜ್ವರ ಬಂತು. ಹಾಗಾಗುತ್ತದೆ, ಹೆದರಬೇಡಿ ಅಂತ ಸಾಯ್ಬರು ಹೇಳಿ ಹೋಗಿದ್ದರು. ಆದರೆ ಗುಳ್ಳೆ ನೋಡಿದ ತಾಯಂದಿರಿಗೆ ಅದನ್ನು ನಂಬಿಸುವವರು ಯಾರು? ಶಾಲೆಗೆ ಯಾರೂ ಬರಲಿಲ್ಲ. ಖಾಲಿ ಕೋಣೆಯಲ್ಲಿ ಒಬ್ಬಳೇ ಕೂತು ಬಂದೆ. ದಾರಿಯಲ್ಲಿ ಸಿಕ್ಕವರು ಮುಖ ತಿರುಗಿಸಿದರು. ಉಳಿದ ಮಕ್ಕಳ ಜ್ವರ ಇಳಿಯುತ್ತ ಬಂದರೂ ಗಣಪುವಿನದು ಏರುತ್ತಲೇ ಹೋಯಿತು.

"ಹುಡುಗಂಗೆ ಹೆಚ್ಚುಕಮ್ಮಿ ಆಗ್ಲಿ, ಅಕ್ಕೋರು ಈ ಊರಿಂದ ಹೆಂಗೆ ಹೋತ್ರು ನೋಡ್ತೆ" ಅಂತ ತಿಮ್ಮಣ್ಣ ದೋಣಿ ಕಟ್ಟೆಯಲ್ಲಿ ಕೂತು ಹೇಳಿದನಂತೆ. ಅತ್ತೆ ಆ ಸುದ್ದಿ ತಂದವಳು ನನ್ನ ಟ್ರಂಕು ಹೊರಗೆ ಎಳೆದಿಟ್ಟಳು. "ನಡಿ. ಈಗಲೇ ಕರ್ಕಿಗೆ ನಡೆದು ಹೋಗುವ. ದೋಣಿ ಬ್ಯಾಡ."

ನನಗೂ ಓಡಬೇಕು ಅನಿಸಿತು. ನಿಜ ಹೇಳುತ್ತೇನೆ, ಟ್ರಂಕಿಗೆ ಸೀರೆ ತುಂಬಿದ್ದೆ ಕೂಡ. ಆದರೆ ನಾನು ಹೋದ ದಿನವೇ ಆ ಊರು ಎಲ್ಲವನ್ನೂ ನಾಗಮ್ಮಜ್ಜಿಯ ತಲೆಗೆ ಕಟ್ಟುತ್ತದೆ ಅಂತ ಹೊಳೆಯಿತು. ಟ್ರಂಕು ಅಲ್ಲೇ ಬಿಟ್ಟು ಮಾದೇವಿಯ ಮನೆಗೆ ಹೋದೆ.

ಗಣಪು ಚಾಪೆಯ ಮೇಲೆ ಕಣ್ಣು ಮೇಲೆ ಮಾಡಿ ಮಲಗಿದ್ದ. ಅವನ ತಾಯಿ ನನ್ನನ್ನು ನೋಡಿ ಎದ್ದು ಒಳಗೆ ಹೋದಳು. ಅಜ್ಜಿ ಮಾತ್ರ "ಕೂತ್ಕಣಿ" ಅಂದಳು. ನಾನು ಒದ್ದೆ ಬಟ್ಟೆ ಹಿಂಡಿ ಅವನ ಹಣೆಗೆ ಇಡುತ್ತ ಕೂತೆ. ಅಜ್ಜಿ ಆಗಾಗ ಎದ್ದು ಹೋಗಿ ಅಂಗಳದಲ್ಲಿ ನಿಂತು, ದಾರಿಯಲ್ಲಿ ಹೋಗುವವರ ಹತ್ತಿರ ಏನೂ ಆಗದವಳಂತೆ ಗಟ್ಟಿಯಾಗಿ ಮಾತಾಡಿ ಬರುತ್ತಿದ್ದಳು. ನೀರಿನ ಪಾತ್ರೆ ಕೊಡುವಾಗ ಅವಳ ಕೈ ನನ್ನ ಕೈಗೆ ತಾಗಿತು. ಕೆಂಡದಂತೆ ಸುಡುತ್ತಿತ್ತು.

"ಅಜ್ಜೀ! ನಿನಗೂ ಜ್ವರ ಇದೆ!"

"ಶ್" ಅಂದಳು ಅವಳು. ಸೆರಗು ಸರಿಸಿ ತೋಳು ತೋರಿಸಿದಳು. ಮೊಣಕೈವರೆಗೆ ಬಾತು ಕೆಂಪಾಗಿತ್ತು. "ಯಾರತ್ರನೂ ಹೇಳ್ಬೇಡಿ ಅಕ್ಕೋರೇ. ನಾ ಮಲಗಿದ್ರೆ ಊರು ಹೆದರ್ತದೆ. ನಾ ಓಡಾಡ್ತಾ ಇದ್ರೆ ಅವ್ರೂ ಓಡಾಡ್ತ್ರು."

ಆ ಜ್ವರದಲ್ಲೇ ಅವಳು ಎಷ್ಟೋ ದಿನದಿಂದ ನೀರು ಹೊತ್ತಿದ್ದಳು, ಮನೆಮನೆಗೆ ಹೋಗಿ ಮಕ್ಕಳನ್ನು ನೋಡಿ ಬಂದಿದ್ದಳು. ನನಗೆ ಅಳು ಬಂತು. ಅವಳು ಗದರಿಸಿದಳು. "ಅಳೂದು ಆಮೇಲೆ. ಬಟ್ಟೆ ಹಿಂಡಿ."

ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಗಣಪು ಬೆವೆತ. ಮೊದಲು ಕುತ್ತಿಗೆ, ಆಮೇಲೆ ಎದೆ. ನಾನು ಮುಟ್ಟಿ ನೋಡಿದೆ, ಮಾದೇವಿ ಮುಟ್ಟಿ ನೋಡಿದಳು, ಇಬ್ಬರಿಗೂ ನಂಬಿಕೆ ಬರಲಿಲ್ಲ. ಬಿಸಿಲು ಏರಿದ ಮೇಲೆ ಅವನು ಕಣ್ಣು ತೆರೆದು ಗಂಜಿ ಬೇಕು ಅಂತ ಅತ್ತ. ಅವನ ತಾಯಿ ಒಳಗಿನಿಂದ ಓಡಿ ಬಂದು ಅವನನ್ನು ಎತ್ತಿಕೊಂಡಳು, ಆಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟಳು. ನಾಗಮ್ಮಜ್ಜಿ "ಆತು" ಅಂದಳು. ಅಷ್ಟೇ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ.

ಸಿಡುಬು ಹೊಳೆ ದಾಟಿ ನಮ್ಮ ಊರಿಗೂ ಬಂತು. ಶಾಲೆಯಲ್ಲಿ ದೇವಿ ಹಾಕಿಸಿಕೊಂಡ ಮಕ್ಕಳಲ್ಲಿ ಒಬ್ಬರಿಗೂ ತಗಲಲಿಲ್ಲ. ಬಾಗಿಲು ಹಾಕಿಕೊಂಡಿದ್ದ ಮನೆಗಳಿಗೆ ಬಂತು. ತಿಮ್ಮಣ್ಣನ ಸಣ್ಣ ಮಗಳು ಹೋದಳು. ಮರಳಿನಲ್ಲಿ ಅ ಆ ಬರೆಯುವಷ್ಟು ಕಲಿತಿದ್ದಳು ಅವಳು. ಆಮೇಲೆ ಒಂದು ಬೆಳಿಗ್ಗೆ ತಿಮ್ಮಣ್ಣ ದೊಡ್ಡ ಮಗನ ಕೈ ಹಿಡಿದುಕೊಂಡು ಶಾಲೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ನನ್ನನ್ನು ನೋಡಲೂ ಇಲ್ಲ.

"ಸಾಯ್ಬರು ಮತ್ತೆ ಬತ್ರಾ ಅಕ್ಕೋರೇ?" ಅಂತ ಕೇಳಿದ.

ನಾನು ಹೊನ್ನಾವರಕ್ಕೆ ಹೇಳಿ ಕಳಿಸಿದೆ. ಸಾಯ್ಬರು ಮಳೆಗಾಲ ಕಳೆಯುವವರೆಗೆ ಕಾಯದೆ ಬಂದರು. ಆ ಸಲ ಅವರನ್ನು ಕಡವಿನಿಂದ ದೋಣಿಯಲ್ಲಿ ಕರೆದುಕೊಂಡು ಬಂದವನು ತಿಮ್ಮಣ್ಣನೇ. 

ರಜೆ ಮುಗಿದು ಮಾಸ್ತರರು ಬಂದ ಮೇಲೆ ನಾನು ಮನೆಗೆ ಹೊರಟೆ. ನನಗಿಂತ ಮೊದಲೇ ಅತ್ತೆ ಹೊನ್ನಾವರಕ್ಕೆ ಹೋಗಿ ಬಂದಿದ್ದಳು. ನಾನು ಶಾಲೆಯ ಎದುರು ನಿಂತು ಏನೇನು ಹೇಳಿದೆ ಅಂತ ಆಯಿಗೆ ಎಲ್ಲವೂ ತಿಳಿದಿತ್ತು. ಮನೆ ಹತ್ತಿರ ಬಂದಂತೆ ನನಗೆ ಆದ ಹೆದರಿಕೆ ಆ ಗುಂಪಿನ ಎದುರು ನಿಂತಾಗಲೂ ಆಗಿರಲಿಲ್ಲ.

ಆಯಿ ಹಿತ್ತಿಲ ಬಾಗಿಲಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ. ಅವಳು ತಲೆಯೆತ್ತಲಿಲ್ಲ.

"ಎಲ್ಲ ಹೇಳಿದ್ಯಂತೆ" ಅಂದಳು.

"ಹೌದು."

"ಆ ಮಕ್ಕಳು ಹೆಂಗಿದಾರೆ?"

"ಹಾಕಿಸಿಕೊಂಡವರೆಲ್ಲ ಚೆನ್ನಾಗಿದ್ದಾರೆ ಆಯಿ."

ಅವಳ ಕೈಯಲ್ಲಿದ್ದ ಕತ್ತಿ ನಿಂತಿತು. ನಾನು ಬೈಗಳಿಗೆ ಕಾಯುತ್ತಿದ್ದೆ. ಅವಳು, "ನಂಗೆ ಯಾರೂ ಹಾಂಗೆ ಎದುರಿಗೆ ನಿಂತು ಹೇಳ್ಲಿಲ್ಲ ನೋಡು" ಅಂದಳು. ಆಮೇಲೆ ಮೀನಿನ ಪಾತ್ರೆ ಪಕ್ಕಕ್ಕೆ ಸರಿಸಿ, ನನ್ನ ತಮ್ಮನ ವಿಷಯ ಹೇಳಲು ಶುರುಮಾಡಿದಳು. ಅವನು ಹೇಗೆ ನಗುತ್ತಿದ್ದ, ನನ್ನ ಜಡೆ ಹಿಡಿದು ಹೇಗೆ ಎಳೆಯುತ್ತಿದ್ದ, ಅಟ್ಟದ ಮೇಲೆ ಆ ದಿನ ಅವನು ಮಾತ್ರ ಒಂದಿಷ್ಟೂ ಅಳದೆ ಮುಡಿಯ ಹುಲ್ಲು ಕಿತ್ತು ಆಡುತ್ತಿದ್ದ, ಎಲ್ಲ. ಒಲೆ ಆರಿಹೋಗಿ ಅಪ್ಪ ಕೋರ್ಟಿನಿಂದ ಬರುವ ತನಕ ಹೇಳುತ್ತಲೇ ಇದ್ದಳು.

ಮುಂದೆ ನಾನು ಕುಮಟೆಯಲ್ಲಿ ಅಕ್ಕೋರೇ ಆಗಿ ಬಹಳ ವರ್ಷ ಕೆಲಸ ಮಾಡಿದೆ. ದೇವಿ ಹಾಕುವವರು ಎಷ್ಟೋ ಸಲ ಬಂದರು, ಮಕ್ಕಳು ಎಷ್ಟೋ ಸಲ ಗೋಡೆ ಹಾರಿದರು. ಮಕ್ಕಳನ್ನು ಬಚ್ಚಿಡುವ ತಾಯಂದಿರನ್ನು ಕಂಡು ಜೊತೆಯ ಮಾಸ್ತರರು ನಗುತ್ತಿದ್ದರು, ಕೆಲವರು ಬೈಯುತ್ತಿದ್ದರು. ನನಗೆ ಎರಡೂ ಆಗುತ್ತಿರಲಿಲ್ಲ. ನಾನು ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು, ಅವರು ಬಾಗಿಲು ತೆಗೆಯುವ ತನಕ ಮಾತಾಡುತ್ತಿದ್ದೆ.